ಹಳೆ ಚೀಟಿಯ ಕಲ್ಲು ಯಾವ ಊರಿನದು? ಅನುಭವ ಇದ್ದವರು ತಿಳಿಸಿ

ಕೇಳಿದವರು, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ಕಲ್ಲು ಕೂಡಿಸುವ ಹುಚ್ಚು ಜಾಸ್ತಿ. ಅವರು ತೀರಿಕೊಂಡ ಮೇಲೆ ಅಟ್ಟದಿಂದ ಒಂದು ಟ್ರಂಕ್ ಇಳಿಸಿದೆವು. ಕೆಲವು ಅವರೇ ತಂದಿದ್ದು, ಕೆಲವು ಅವರ ಗುರುಗಳು ಕೊಟ್ಟಿದ್ದು ಅಂತ ಅತ್ತೆ ಹೇಳುತ್ತಾರೆ. ಚೀಟಿಗಳೆಲ್ಲ ಇಂಗ್ಲಿಷಿನಲ್ಲಿವೆ. ಒಂದರಲ್ಲಿ ‘ತಾಮ್ರದ ಅದಿರು, ಚಿತಲ್‌ದ್ರುಗ್, 5 ಮೈಲಿ ಆಗ್ನೇಯ’ ಅಂತಿದೆ. ಇನ್ನೊಂದು ‘ಕಬ್ಬಿಣ, ಉಬ್ರಾಣಿ, ಶಿಮೊಗ ಡಿಸ್ಟ್ರಿಕ್ಟ್’. ಮತ್ತೊಂದು ‘ಬೆಣಚುಕಲ್ಲು, ಹಳೆ ಗುಂಡಿ, ಹೊನ್ನಾಳಿ ತಾ.’. ಒಂದು ಕರಿ ಕಲ್ಲಿಗೆ ಬರೀ ‘ಚಿಕ್ಕಜಾಜೂರು’. ಒಂದರಲ್ಲಿ ಊರೇ ಇಲ್ಲ, ಅಕ್ಷಾಂಶ ರೇಖಾಂಶ ಮಾತ್ರ. ಅದನ್ನು ಫೋನಿನಲ್ಲಿ ಹಾಕಿದರೆ ಬಯಲಿನ ಮೆಕ್ಕೆಜೋಳದ ಹೊಲ ತೋರಿಸುತ್ತೆ. ಇನ್ನೊಂದರ ಮೇಲೆ ಬಿಳಿ ಬಣ್ಣ ಬಳಿದು ಕಪ್ಪು ಮಸಿಯಲ್ಲಿ ನಂಬರ್ ಬರೆದಿದ್ದಾರೆ, ಅಷ್ಟೇ.

ಮಾರುವ ಉದ್ದೇಶ ಇಲ್ಲ. ಮಾವ ಕೆಲಸ ಮಾಡಿದ ಶಾಲೆಗೇ ಕೊಡಬೇಕು ಅಂತಿದ್ದೇವೆ. ಕೊಡುವಾಗ ಊರಿನ ಹೆಸರು ಸರಿಯಾಗಿರಬೇಕು ಅಲ್ವಾ? ಎಲ್ಲಿಂದ ಶುರು ಮಾಡಲಿ?

ಹೊಳಲ್ಕೆರೆಯಿಂದ ಒಬ್ಬರು

ಮೇಡಂ, ಮೊದಲು ಏನನ್ನೂ ತೊಳೆಯಬೇಡಿ. ಕಲ್ಲು, ಚೀಟಿ ಎರಡನ್ನೂ ಒಟ್ಟಿಗೆ ಇಟ್ಟು ಫೋಟೋ ತೆಗೆಯಿರಿ. ಚೀಟಿಯ ಹಿಂಬದಿಯನ್ನೂ ಬಿಡಬೇಡಿ. ಆಮೇಲೆ ಚೀಟಿಯನ್ನು ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಅದೇ ಡಬ್ಬದಲ್ಲಿಡಿ. ತಾಮ್ರದ ಅದಿರಿನ ಜೊತೆ ಸಾಮಾನ್ಯವಾಗಿ ಪೈರೈಟ್ ಅನ್ನುವ ಕಬ್ಬಿಣ-ಗಂಧಕದ ಖನಿಜ ಇರುತ್ತೆ. ಗಾಳಿಯ ತೇವಕ್ಕೆ ಅದು ನಿಧಾನವಾಗಿ ಕೆಟ್ಟು ಗಂಧಕಾಮ್ಲ ಬಿಡುತ್ತೆ. ನಾನು ಓದಿದ ಕಾಲೇಜಿನ ಕಪಾಟಿನಲ್ಲಿ ನೋಡಿದ್ದೇನೆ. ಕಲ್ಲಿನ ಸುತ್ತ ಬೂದು ಹಳದಿ ಪುಡಿ ಉದುರಿತ್ತು. ಅಡಿಯಲ್ಲಿದ್ದ ಚೀಟಿ ಕಂದು ತಿರುಗಿ, ಎತ್ತಲು ಹೋದರೆ ಹಪ್ಪಳದ ಹಾಗೆ ಮುರಿಯಿತು. ಅದಿರಿನ ಹೆಸರು ಉಳಿದಿತ್ತು, ಊರಿನ ಹೆಸರಿದ್ದ ಮೂಲೆ ಹೋಗಿತ್ತು.

ದಾವಣಗೆರೆಯಿಂದ, ನಿವೃತ್ತ ಭೂವಿಜ್ಞಾನ ಅಧ್ಯಾಪಕರು

ಎಲ್ಲರೂ ಮೊದಲು ಊರಿನ ಹೆಸರನ್ನು ಫೋನಿನ ನಕ್ಷೆಯಲ್ಲಿ ಹುಡುಕುತ್ತಾರೆ. ನಾನು ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಚೀಟಿ ಯಾವ ಕಾಲದ್ದು ಅಂತ ಮೊದಲು ತಿಳಿಯಬೇಕು. ಕಾಲ ಗೊತ್ತಾದರೆ ಬರೆದವರು ಯಾವ ನಕ್ಷೆ ನೋಡಿದ್ದರು, ಯಾವ ಜಿಲ್ಲೆ ಅಂದುಕೊಂಡಿದ್ದರು ಅನ್ನುವುದು ತಾನಾಗಿ ಬರುತ್ತೆ.

ಕಾಲ ಹಿಡಿಯಲು ಚೀಟಿಯಲ್ಲೇ ಗುರುತುಗಳಿವೆ. ‘ಚಿತಲ್‌ದ್ರುಗ್’ ಅಂದರೆ ಚಿತ್ರದುರ್ಗವೇ, ಅದು ಮೈಸೂರು ಸಂಸ್ಥಾನದ ಕಾಲದ ಬರವಣಿಗೆ. ‘ಮೈಸೂರು ಸ್ಟೇಟ್’ ಅಂತಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು ಅಂತ ಲೆಕ್ಕ, ಹಳೇ ಅಭ್ಯಾಸದಿಂದ ಬರೆದವರನ್ನು ಬಿಟ್ಟು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಈಚೆಯದು. ಮೈಲಿ ಇದ್ದರೆ ಮೆಟ್ರಿಕ್ ಬರುವ ಮೊದಲಿನ ಕೈ ಇರಬಹುದು. ಆದರೆ ಹಳೇ ಮೇಷ್ಟ್ರುಗಳು ಎಪ್ಪತ್ತರ ದಶಕದಲ್ಲೂ ಮೈಲಿಯಲ್ಲೇ ಬರೆಯುತ್ತಿದ್ದರು. ಅದೊಂದನ್ನೇ ನಂಬಬೇಡಿ.

ನಿಮ್ಮ ಉಬ್ರಾಣಿ ಸುಲಭ. ಉಬ್ರಾಣಿ ಇರುವುದು ಚನ್ನಗಿರಿ ತಾಲ್ಲೂಕಿನಲ್ಲಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಆಗ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು ಬಂದವು. ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ ಬಂದವು. ಬಳ್ಳಾರಿಯಿಂದ ಬಂದ ಹರಪನಹಳ್ಳಿ ವಾಪಸ್ ಬಳ್ಳಾರಿಗೆ ಹೋಗಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಾಗಾಗಿ ‘ಶಿಮೊಗ ಡಿಸ್ಟ್ರಿಕ್ಟ್’ ಅನ್ನುವುದು ತಪ್ಪಲ್ಲ, ಹಳೆಯದು. ಹೊಸ ಚೀಟಿ ಬರೆಯುವಾಗ ಹಳೇ ಜಿಲ್ಲೆಯನ್ನು ಅಳಿಸಬೇಡಿ. ‘ಚೀಟಿಯಲ್ಲಿ ಇದ್ದದ್ದು ಹೀಗೆ, ಈಗಿನದು ಹೀಗೆ’ ಅಂತ ಎರಡನ್ನೂ ಬರೆಯಿರಿ. ತಿದ್ದುವ ಉತ್ಸಾಹದಲ್ಲಿ ಮೂಲ ಚೀಟಿ ಎಸೆದವರಿಂದಲೇ ಎಷ್ಟೋ ಜಾಗಗಳು ಕಳೆದುಹೋಗಿವೆ.

ಉಬ್ರಾಣಿ, ಮಸಣಿಕೆರೆ ಕಡೆಯ ಅದಿರು ಸಾಮಾನ್ಯ ಕಬ್ಬಿಣದ ಅದಿರಲ್ಲ. ಅದು ಟೈಟಾನಿಯಂ, ವೆನೇಡಿಯಂ ಸೇರಿದ ಮ್ಯಾಗ್ನಟೈಟ್, ಅಂದರೆ ಅಯಸ್ಕಾಂತ ಹಿಡಿಯುವ ಕಬ್ಬಿಣದ ಅದಿರು. ಕೈಗೆತ್ತಿಕೊಂಡರೆ ತೂಕ ಗೊತ್ತಾಗುತ್ತೆ. ಹಳೇ ಸ್ಪೀಕರಿನ ಅಯಸ್ಕಾಂತ ಟಕ್ ಅಂತ ಅಂಟಿಕೊಳ್ಳುತ್ತೆ. ಟೈಲ್ಸಿನ ಹಿಂಬದಿಯ ಒರಟು ಭಾಗದ ಮೇಲೆ ಗೀಚಿದರೆ ಕಪ್ಪು ಗೆರೆ ಬೀಳುತ್ತೆ. ಗೆರೆ ಕೆಂಪು ಬಂದರೆ ಅದು ಹೆಮಟೈಟ್, ಬೇರೆ ಜಾತಿಯ ಕಬ್ಬಿಣದ ಅದಿರು. ಆಗ ಕಲ್ಲು ಮತ್ತು ಚೀಟಿ ಎಲ್ಲೋ ಅದಲುಬದಲಾಗಿವೆ ಅಂತ ಅನುಮಾನಿಸಿ. ಟ್ರಂಕಿನಲ್ಲಿ ಇದು ತುಂಬ ಆಗುತ್ತೆ. ಮಕ್ಕಳು ತೆಗೆದು ನೋಡಿ ಬೇರೆ ಡಬ್ಬಕ್ಕೆ ಹಾಕಿರುತ್ತಾರೆ.

ತಾಮ್ರದ ಚೀಟಿ ಇಂಗಳಧಾಳ್ ಕಡೆಯದು ಅಂತ ನನ್ನ ಅಂದಾಜು. ದುರ್ಗದಿಂದ ಆಗ್ನೇಯಕ್ಕೆ 5 ಮೈಲಿ ಅಂದರೆ 8 ಕಿ.ಮೀ., ಸರಿಯಾಗಿ ಅಲ್ಲಿಗೇ ಹೋಗುತ್ತೆ. ಅಲ್ಲಿ ಹಳೇ ಕಾಲದ ಗುಂಡಿಗಳೂ ಇದ್ದವು. ಆಮೇಲೆ ದೊಡ್ಡ ಗಣಿಯೂ ನಡೆಯಿತು, ಹಟ್ಟಿ ಚಿನ್ನದ ಗಣಿ ಕಂಪನಿಯೂ ನಡೆಸಿತು. ಕಲ್ಲಿನಲ್ಲಿ ಹಿತ್ತಾಳೆ ಹಳದಿಯ ಕ್ಯಾಲ್ಕೊಪೈರೈಟ್ (ತಾಮ್ರದ ಅದಿರು), ಅದರ ಪಕ್ಕ ಕಂಚಿನ ಬಣ್ಣದ ಪಿರೊಟೈಟ್ (ಕಬ್ಬಿಣ-ಗಂಧಕದ ಇನ್ನೊಂದು ಖನಿಜ), ಸುತ್ತ ಹಸಿರು ಮಿಶ್ರಿತ ಬೂದು ಕಲ್ಲು ಇದ್ದರೆ ನಂಬಿಕೆ ಗಟ್ಟಿಯಾಗುತ್ತೆ. ಪಿರೊಟೈಟನ್ನು ಅಯಸ್ಕಾಂತ ಸ್ವಲ್ಪ ಮಾತ್ರ ಎಳೆಯುತ್ತೆ. ಅಯಸ್ಕಾಂತಕ್ಕೆ ದಾರ ಕಟ್ಟಿ ತೂಗುಬಿಟ್ಟು ಹತ್ತಿರ ತನ್ನಿ, ಆಗ ಕಾಣುತ್ತೆ.

ನಂಬರ್ ಇರುವ ಕಲ್ಲಿನ ಬಗ್ಗೆ: ಅದು ಯಾರದೋ ಫೀಲ್ಡ್ ಪುಸ್ತಕದ, ಅಂದರೆ ಕಲ್ಲು ಕೂಡಿಸುವಾಗ ಜಾಗ ಬರೆದಿಟ್ಟ ಪುಸ್ತಕದ ನಂಬರ್. ಪುಸ್ತಕ ಸಿಗದೆ ಅದಕ್ಕೆ ಅರ್ಥ ಇಲ್ಲ. ಟ್ರಂಕಿನ ತಳದಲ್ಲಿ, ಮಾವನವರ ಡೈರಿಗಳಲ್ಲಿ, ಪಂಚಾಂಗದ ಅಂಚಿನಲ್ಲೂ ನೋಡಿ. ಸಿಗದಿದ್ದರೆ ‘ಜಾಗ ತಿಳಿದಿಲ್ಲ’ ಅಂತಲೇ ಬರೆದು ಕೊಡಿ. ಊಹೆಯ ಊರು ಬರೆಯುವುದಕ್ಕಿಂತ ಅದು ಎಷ್ಟೋ ವಾಸಿ.

ಹಿರಿಯೂರಿನಿಂದ, ಸರ್ವೆ ಇಲಾಖೆಯಲ್ಲಿದ್ದವರು

ತಂಗಿ, ನಿನ್ನ ಮೆಕ್ಕೆಜೋಳದ ಹೊಲದ ಕಥೆ ನನಗೆ ಇಷ್ಟವಾಯಿತು. ಅಕ್ಷಾಂಶ ರೇಖಾಂಶ ಬರೆದವರು ಹಳೇ ಒಂದಿಂಚಿನ (ಒಂದು ಮೈಲಿಗೆ ಒಂದಿಂಚು) ನಕ್ಷೆ ನೋಡಿರಬೇಕು. ಆ ಕಾಲದ ಸರ್ವೆ ಆಫ್ ಇಂಡಿಯಾ ಹಾಳೆಗಳ ರೇಖಾಂಶಕ್ಕೆ ಮದ್ರಾಸಿನ ವೀಕ್ಷಣಾಲಯವೇ ಆಧಾರ. ಅದನ್ನು 80 ಡಿಗ್ರಿ 17 ನಿಮಿಷ 21 ಸೆಕೆಂಡ್ ಅಂತ ಹಿಡಿದಿದ್ದರು. ಆಮೇಲೆ ಸರಿಯಾಗಿ ಅಳೆದಾಗ 80 ಡಿಗ್ರಿ 14 ನಿಮಿಷ 54 ಸೆಕೆಂಡ್ ಬಂತು. ಅಂದರೆ 2 ನಿಮಿಷ 27 ಸೆಕೆಂಡ್ ಹೆಚ್ಚುವರಿ. ಅಕ್ಷಾಂಶಕ್ಕೆ ಈ ತೊಂದರೆ ಇಲ್ಲ. ನಮ್ಮ ದುರ್ಗದ ಅಕ್ಷಾಂಶದಲ್ಲಿ ರೇಖಾಂಶದ ಆ ವ್ಯತ್ಯಾಸ ಸುಮಾರು 4.4 ಕಿ.ಮೀ. ಆಗುತ್ತೆ. ನಿನ್ನ ಚೀಟಿಯ ರೇಖಾಂಶದಿಂದ ಅಷ್ಟನ್ನು ಕಳೆದು ನೋಡು. ಜಾಗ ಪಶ್ಚಿಮಕ್ಕೆ ಸರಿಯುತ್ತೆ. ಬಯಲಿಂದ ಗುಡ್ಡಕ್ಕೆ ಬಂದರೆ ಚೀಟಿ ಹಳೇ ನಕ್ಷೆಯದು ಅಂತ ತಿಳಿ. ಗುಡ್ಡದಿಂದ ಇನ್ನೂ ದೂರ ಹೋದರೆ ಕಳೆಯಬೇಡ.

ಚೀಟಿಯ ಮೈಲಿ ಎಲ್ಲಿಂದ ಎಣಿಸಿದ್ದು ಅನ್ನುವುದೂ ಮುಖ್ಯ. ಕೋಟೆಯಿಂದಲಾ, ಊರ ಪ್ರವಾಸಿ ಬಂಗಲೆಯಿಂದಲಾ? ದಿಕ್ಕು ಬರೆದಿದ್ದರೆ ಬಹುಶಃ ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದದ್ದು. ದಿಕ್ಕು ಇಲ್ಲದೆ ‘ಹೊಳಲ್ಕೆರೆ ರಸ್ತೆ, ಏಳನೇ ಮೈಲಿ’ ಅಂತಿದ್ದರೆ ರಸ್ತೆಯ ಮೈಲಿಗಲ್ಲು. ಆ ರಸ್ತೆಗಳು ಎಷ್ಟೋ ಕಡೆ ಈಗ ಜಾಗ ಬದಲಿಸಿವೆ.

ಇನ್ನೊಂದು. ಜಾಗದ ಹತ್ತಿರ ಹೋದ ಮೇಲೆ ಫೋನಿನಲ್ಲಿ ದಿಶಾಂಕ್ ಆ್ಯಪ್ ತೆಗೆ. ನಿಂತ ಜಾಗದ ಸರ್ವೆ ನಂಬರ್, ಗ್ರಾಮ, ಹೋಬಳಿ ಎಲ್ಲ ತೋರಿಸುತ್ತೆ. ಹಳೇ ಗಣಿ ಗುತ್ತಿಗೆಯ ಕಾಗದಗಳು ಗ್ರಾಮ ಮತ್ತು ಸರ್ವೆ ನಂಬರ್‌ನಲ್ಲೇ ಇರುತ್ತವೆ. ಗ್ರಾಮನಕ್ಷೆಯಲ್ಲಿ ಕೆರೆ, ಹಳ್ಳ, ಬಂಡಿದಾರಿ, ಖರಾಬು (ಸಾಗುವಳಿಗೆ ಬಾರದ ಜಾಗ) ಎಲ್ಲ ಬರೆದಿರುತ್ತಾರೆ. ಜನ ಬಿಟ್ಟುಹೋದ ಬೇಚರಾಕ್ ಗ್ರಾಮಗಳಿಗೂ ಹೆಸರು, ಗಡಿ ಉಳಿದಿರುತ್ತೆ. ಚೀಟಿಯಲ್ಲಿದ್ದು ಈಗ ಎಲ್ಲೂ ಕಾಣದ ಊರು ಅನೇಕ ಸಲ ಅಲ್ಲೇ ಇರುತ್ತೆ. ಮಲ್ಲಾಪುರ, ರಂಗಾಪುರ, ಗೊಲ್ಲರಹಟ್ಟಿ ಅಂತ ಬಂದರೆ ಮಾತ್ರ ಹೋಬಳಿ ಗೊತ್ತಿಲ್ಲದೆ ಕಾಲಿಡಬೇಡ. ತಾಲ್ಲೂಕಿಗೊಂದು ಇರುತ್ತವೆ.

ವಾಣಿವಿಲಾಸ ಸಾಗರದ ಅಂಚಿನ ಜಾಗಗಳ ಕಷ್ಟ ಬೇರೆ. ಅಣೆಕಟ್ಟು ಮುಗಿದಿದ್ದು 1907ರಲ್ಲಿ. ಅದಕ್ಕಿಂತ ಹಿಂದಿನ ಚೀಟಿ ನೀರಿನ ಒಳಗಿನ ಜಾಗವನ್ನು ಹೇಳುತ್ತಿರಬಹುದು. ಬರಗಾಲದಲ್ಲಿ ನೀರು ಇಳಿದಾಗ ಕಾಣುವ ಬಂಡೆ ತುಂಬಿದ ವರ್ಷ ಕಾಣುವುದಿಲ್ಲ. 2022ರಲ್ಲಿ 1933ರ ನಂತರ ಮೊದಲ ಸಲ ಕೋಡಿ ಬಿದ್ದಿತ್ತಲ್ಲ, ಆಗ ಅಂಚೆಲ್ಲ ನೀರೇ.

ಚಳ್ಳಕೆರೆಯಿಂದ ಒಬ್ಬರು

ಇಷ್ಟೆಲ್ಲ ಯಾಕೆ? ಖನಿಜಗಳ ಜಾಗ ಪಟ್ಟಿ ಮಾಡಿರುವ ಮಿಂಡಾಟ್ ಇದೆ, ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಇದೆ. ಎರಡರಲ್ಲೂ ಹೆಸರು ಹಾಕಿದರೆ ಮುಗಿಯಿತು.

ದಾವಣಗೆರೆಯಿಂದ, ನಿವೃತ್ತ ಅಧ್ಯಾಪಕರು

ನೋಡಲೇಬೇಕು, ಬೇಡ ಅಂದವರು ಯಾರು? ಆದರೆ ಅಂಥ ಪಟ್ಟಿಯಲ್ಲಿನ ಗುರುತು ಎಷ್ಟೋ ಸಲ ಊರಿನ ಮಧ್ಯಕ್ಕೆ ಚುಚ್ಚಿರುತ್ತೆ. ಗಣಿ ಇರುವುದು ಊರಾಚೆಯ ಮರಡಿಯ ಹಿಂದೆ. ಗುರುತು ಎಲ್ಲಿಂದ ಬಂತು ಅಂತ ಹಿಂದೆ ಹಿಂದೆ ಹೋದರೆ, ಕೊನೆಗೆ ಮೈಸೂರು ಭೂವಿಜ್ಞಾನ ಇಲಾಖೆಯ ಹಳೇ ವರದಿಯ ಒಂದು ಸಾಲು ಸಿಗುವುದೇ ಜಾಸ್ತಿ. ಆ ಇಲಾಖೆ 1894ರಲ್ಲಿ ಶುರುವಾಯಿತು, ಬ್ರೂಸ್ ಫೂಟ್ ಮೊದಲ ಮುಖ್ಯಸ್ಥರು. ಆಮೇಲೆ ಸ್ಮೀತ್, ಸಂಪತ್ ಅಯ್ಯಂಗಾರ್ ಮುಂತಾದವರು ಹಳ್ಳಿ ಹಳ್ಳಿ ಸುತ್ತಿ ಬರೆದರು. ಮೂಲದ ಸಾಲಿನಲ್ಲಿ ‘ಊರಿನಿಂದ ಅರ್ಧ ಮೈಲಿ ಪಶ್ಚಿಮ, ಹಳ್ಳದ ಎಡದಂಡೆ’ ಅಂತ ಇರುತ್ತೆ. ಪಟ್ಟಿಗೆ ಏರುವಷ್ಟರಲ್ಲಿ ಊರು ಮಾತ್ರ ಉಳಿದಿರುತ್ತೆ. ಹಳೇ ವರದಿಗಳನ್ನು ಈಗ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಹುಡುಕುವಾಗ ಇಂಗ್ಲಿಷಿನ ಹಳೇ ಕಾಗುಣಿತಗಳನ್ನೆಲ್ಲ ಪ್ರಯತ್ನಿಸಿ. ಕೊನೆಯ ‘ಹಳ್ಳಿ’ಯನ್ನೇ ಅವರು ನಾಲ್ಕೈದು ಥರ ಬರೆದಿದ್ದಾರೆ. ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯ ಖನಿಜ ಭವನಕ್ಕೂ ಒಮ್ಮೆ ಹೋಗಿ ಕೇಳಬಹುದು.

ನ್ಯಾಮತಿಯಿಂದ ಒಬ್ಬರು

ಹೊನ್ನಾಳಿ ತಾಲ್ಲೂಕಿನ ಬೆಣಚುಕಲ್ಲು, ಹಳೆ ಗುಂಡಿ ಅಂದರೆ ನಮ್ಮ ಕಡೆಯದೇ ಇರಬೇಕು. ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು, ಈಗ ಬೇರೆ ತಾಲ್ಲೂಕು. ಕುದುರೆಕೊಂಡದ ಕಡೆ ಚಿನ್ನಕ್ಕೆ ತೋಡಿದ ಹಳೇ ಗುಂಡಿಗಳ ವಿಷಯ ಭೂವಿಜ್ಞಾನದವರಿಗೆಲ್ಲ ಗೊತ್ತು.

ಹಳೇ ಗುಂಡಿಯನ್ನು ಗುರುತಿಸುವುದು ಹೀಗೆ. ಮಳೆನೀರು ಕೊರೆದ ಕೊರಕಲು ಇಳಿಜಾರಿನ ಕಡೆಗೆ ಹೋಗುತ್ತೆ. ಮನುಷ್ಯರು ತೋಡಿದ್ದು ಬೆಣಚಿನ ಗೆರೆ ಹಿಡಿದು, ಇಳಿಜಾರಿಗೆ ಅಡ್ಡಡ್ಡವಾಗಿ ಹೋಗುತ್ತೆ. ಗುಂಡಿಯ ಒಂದು ಬದಿಗೆ ಮಣ್ಣಿನ ದಿಬ್ಬ ಇರುತ್ತೆ. ಅದರ ಮೇಲೆ ಮುಷ್ಟಿಗಿಂತ ಸಣ್ಣ, ಒಂದೇ ಅಳತೆಗೆ ಒಡೆದ ಬಿಳಿ ಚೂರುಗಳು ಬಿದ್ದಿರುತ್ತವೆ. ಬಂಡೆಯ ಮೇಲೆ ಒರಳಿನಂಥ ಸಣ್ಣ ಗುಳಿಗಳಿದ್ದರೆ ಅದಿರು ಕುಟ್ಟಿದ ಜಾಗ ಇರಬಹುದು. ಬೇಸಿಗೆಯಲ್ಲಿ, ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ. ಮಳೆಗಾಲದಲ್ಲಿ ಹುಲ್ಲು ಬೆಳೆದರೆ ಏನೂ ಕಾಣದು, ಗುಂಡಿಗೆ ಬೀಳುವ ಭಯ ಬೇರೆ. ಒಳಗೆ ಮಾತ್ರ ಇಳಿಯಬೇಡಿ. ಕೆಟ್ಟ ಗಾಳಿ ಇರುತ್ತೆ, ಹಾವೂ ಇರುತ್ತವೆ.

ಹೊಸದುರ್ಗದಿಂದ ಒಬ್ಬರು

ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ನಮ್ಮ ಕಡೆ ಸುತ್ತಿಗೆ ಹಿಡಿದು ಗುಡ್ಡ ಹತ್ತಿದವರನ್ನು ಜನ ನಿಧಿಗಳ್ಳರು ಅಂದುಕೊಳ್ಳುತ್ತಾರೆ. ಅದರಲ್ಲೂ ಅಮಾವಾಸ್ಯೆ ಹತ್ತಿರ ಹೋಗಲೇಬೇಡಿ! ಗುಡಿ, ವೀರಗಲ್ಲು ಇರುವ ಕಡೆ ಇನ್ನೂ ಹುಷಾರು. ಮೊದಲು ಊರೊಳಗೆ ಹೋಗಿ, ಚಹಾದಂಗಡಿಯಲ್ಲಿ ಕೂತು, ಚೀಟಿಯ ಫೋಟೋ ತೋರಿಸಿ. ‘ನಮ್ಮ ಮಾವ ಮೇಷ್ಟ್ರಾಗಿದ್ದರು, ಈ ಕಲ್ಲು ಇಲ್ಲಿಂದ ತಂದಿದ್ದರಂತೆ’ ಅಂದರೆ ಸಾಕು, ಹಿರಿಯರು ಬಾಯಿಬಿಡುತ್ತಾರೆ. ‘ಚಿನ್ನ ಎಲ್ಲಿದೆ’ ಅಂತ ಕೇಳಬೇಡಿ. ‘ಕಂಪನಿಯವರು ಎಲ್ಲಿ ಅಗೆಯುತ್ತಿದ್ದರು, ಗಾಡಿ ಎಲ್ಲಿಗೆ ಹೋಗುತ್ತಿತ್ತು’ ಅಂತ ಕೇಳಿ. ಕುರಿ ಕಾಯುವವರಿಗೆ ಗೊತ್ತಿರುವಷ್ಟು ಗುಂಡಿಗಳು ಯಾವ ನಕ್ಷೆಯಲ್ಲೂ ಇಲ್ಲ. ಕುರಿ ಬಿದ್ದಿರುತ್ತೆ ನೋಡಿ, ಮರೆಯೋದಿಲ್ಲ.

ಜೋಗಿಮಟ್ಟಿ ಕಡೆಯಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದು ವನ್ಯಧಾಮ. ಕರಡಿ, ಚಿರತೆ ಇವೆ. ಮರಡಿಹಳ್ಳಿಯ ದಿಂಬುಶಿಲೆಗೆ (ನೀರಿನಡಿ ಲಾವಾ ಗಟ್ಟಿಯಾಗಿ ದಿಂಬಿನ ಹಾಗಾದ ಕಲ್ಲು) ಸುತ್ತಿಗೆ ತಾಗಿಸಬೇಡಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಕೇಳಿದವರು, ಚಿತ್ರದುರ್ಗ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸರ್ವೆಯ ಅಣ್ಣ ಹೇಳಿದ ಹಾಗೆ ರೇಖಾಂಶ ಕಳೆದೆ. ಹೊಲ ಬಿಟ್ಟು ಸೀದಾ ಗುಡ್ಡದ ಸಾಲಿಗೆ ಬಂತು! ಈಗ ಅಲ್ಲಿ ಗಾಳಿಯಂತ್ರಗಳ ರಸ್ತೆ ಕಾಣುತ್ತೆ. ಉಬ್ರಾಣಿ ಕಲ್ಲಿಗೆ ಅಯಸ್ಕಾಂತ ಅಂಟಿತು, ಗೆರೆ ಕಪ್ಪು. ಚಿಕ್ಕಜಾಜೂರು ಅಂತಿರುವ ಕಲ್ಲಿನದೂ ಗೆರೆ ಕಪ್ಪೇ. ಆದರೆ ಅಯಸ್ಕಾಂತ ಅಂಟುವುದಿಲ್ಲ. ಕೈಯೆಲ್ಲ ಮಸಿ.

ಹೊಳಲ್ಕೆರೆಯಿಂದ ಒಬ್ಬರು

ಕೈಗೆ ಮಸಿ, ಅಯಸ್ಕಾಂತಕ್ಕೆ ಬಗ್ಗಲ್ಲ ಅಂದರೆ ಮ್ಯಾಂಗನೀಸಿನ ಅದಿರು ಇರಬೇಕು, ಪೈರೊಲುಸೈಟ್ ಅಂತಾರೆ. ಚಿಕ್ಕಜಾಜೂರು ನಮ್ಮ ತಾಲ್ಲೂಕಿನ ರೈಲ್ವೆ ಜಂಕ್ಷನ್. ದುರ್ಗದ ಲೈನು ಅಲ್ಲೇ ಕವಲೊಡೆಯುತ್ತೆ. ಸ್ಟೇಷನ್ ಇರುವ ಊರಿನ ಹೆಸರು ಒಂಟಿಯಾಗಿ ಇದ್ದರೆ ನನಗೆ ಯಾವಾಗಲೂ ಅನುಮಾನ. ಅದು ಅದಿರು ಅಗೆದ ಜಾಗವೋ, ವ್ಯಾಗನ್ನಿಗೆ ತುಂಬಲು ರಾಶಿ ಹಾಕಿದ ಜಾಗವೋ? ರಾಶಿಯಿಂದ ಆರಿಸಿ ತಂದ ಕಲ್ಲಾದರೆ ಭೀಮಸಮುದ್ರ ಕಡೆಯದೂ ಆಗಬಹುದು, ಹೊಸದುರ್ಗದ ಕಡೆಯದೂ ಆಗಬಹುದು. ಕಲ್ಲಿನ ಸಂದಿಯಲ್ಲಿ ಮೂಲದ ಮಣ್ಣು ಇನ್ನೂ ಅಂಟಿದೆಯಾ ನೋಡಿ. ಇದ್ದರೆ ಅದನ್ನು ಕೆರೆಯದೆ ಹಾಗೇ ಬಿಡಿ. ಸದ್ಯಕ್ಕೆ ‘ಚಿಕ್ಕಜಾಜೂರು, ಚೀಟಿಯಲ್ಲಿದ್ದಂತೆ, ರೈಲ್ವೆ ಸ್ಟೇಷನ್ ಇರಬಹುದು’ ಅಂತ ಬರೆದು ಶಾಲೆಗೆ ಕೊಡಿ. ಕೈ ತೊಳೆದುಕೊಂಡು ಊಟಕ್ಕೆ ಕೂತುಕೊಳ್ಳಿ.