ಹಿಂದಿನ ಸ್ಪೀಕರ್‌ಗಳು ಮೌನ, ಮುಂದಿನವುಗಳಲ್ಲಿ ಮಾತು ಟೊಳ್ಳು: 5.1 ಜೋಡಣೆಯಲ್ಲಿ ಎಲ್ಲಿ ತಪ್ಪಿದ್ದೇನೆ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):

ನಮಸ್ಕಾರ. ನಮ್ಮ ಮನೆಯ ಹಾಲ್ 12 ಅಡಿ ಅಗಲ, 18 ಅಡಿ ಉದ್ದವಿದೆ. ಅಟ್ಟದ ಮೇಲಿದ್ದ ಹಳೆಯ 5.1 ರಿಸೀವರ್ (ಸದ್ದನ್ನು ಹೆಚ್ಚಿಸಿ ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ), ಅದರ ಐದು ಸ್ಪೀಕರ್‌ಗಳು ಮತ್ತು ಸಬ್‌ವೂಫರ್‌ಗಳನ್ನು ಹೊಸ ಟಿವಿ ಬಂದ ಮೇಲೆ ಇಳಿಸಿ ಜೋಡಿಸಿದ್ದೇನೆ. ರಿಸೀವರ್‌ನಲ್ಲಿ ಎಚ್‌ಡಿಎಂಐ ಇಲ್ಲದ್ದರಿಂದ ಟಿವಿಯಿಂದ ಆಪ್ಟಿಕಲ್ ಕೇಬಲ್ ಎಳೆದಿದ್ದೇನೆ. ಡಿಟಿಎಚ್ ಬಾಕ್ಸ್ ಟಿವಿಗೇ ಸೇರಿದೆ. ಹಿಂದಿನ ಎರಡು ಸ್ಪೀಕರ್‌ಗಳಲ್ಲಾಗಲಿ ನಡುವಿನದರಲ್ಲಾಗಲಿ ಸದ್ದೇ ಇಲ್ಲ. ಮುಂದಿನ ಎಡ-ಬಲಗಳಲ್ಲಿ ಸದ್ದು ಬರುತ್ತದೆಯಾದರೂ ಮಾತು ಟೊಳ್ಳಾಗಿ, ಗೋಡೆಯಾಚೆಯಿಂದ ಬಂದಂತೆ ಕೇಳಿಸುತ್ತದೆ.

ನನಗೆ ಅಬ್ಬರದ ಸದ್ದು ಬೇಕಾಗಿಲ್ಲ. ಎಪ್ಪತ್ತೆಂಟು ದಾಟಿದ ನನ್ನ ತಂದೆಯವರಿಗೆ ಕಿವಿ ಸ್ವಲ್ಪ ಮಂದವಾಗಿದೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿಯ ನಾಟಕಗಳನ್ನು ನೋಡುತ್ತ ಬೆಳೆದ ಅವರಿಗೆ ಸಂಭಾಷಣೆಯ ಒಂದು ಪದ ತಪ್ಪಿದರೂ ಬೇಸರ. ಅವರಿಗೆ ಮಾತು ಸ್ಪಷ್ಟವಾಗಿ ಕೇಳಬೇಕು ಎಂಬುದೊಂದೇ ನನ್ನ ಆಸೆ. ಅಂದಹಾಗೆ, ತಂತಿ ಉದ್ದ ಸಾಲದೆ ಮನೆಯಲ್ಲಿದ್ದ ತೆಳುವಾದ ಒಂದೇ ಬಣ್ಣದ ಜೋಡಿ ತಂತಿಯನ್ನು ಬಳಸಿದ್ದೇನೆ. ಟೈಲ್ಸ್ ಒಡೆಯಲು ಸಾಧ್ಯವಿಲ್ಲ.

ಉತ್ತರ 1 (ನಿಟ್ಟುವಳ್ಳಿ, ದಾವಣಗೆರೆ):

ಮೊದಲು ರಿಸೀವರ್‌ನ ಸೆಟಪ್‌ನಲ್ಲಿ ಟೆಸ್ಟ್ ಟೋನ್ ಹಾಕಿರಿ. ಅದು ಟಿವಿಯನ್ನು ಅವಲಂಬಿಸದೆ ರಿಸೀವರ್‌ನಿಂದಲೇ ಒಂದೊಂದು ಸ್ಪೀಕರ್‌ಗೂ ಸರದಿಯಂತೆ ಗುಸುಗುಟ್ಟುವ ಸದ್ದನ್ನು ಕಳಿಸುತ್ತದೆ. ಐದರಲ್ಲಿಯೂ ಸದ್ದು ಬಂದರೆ ಆ ಮೌನಕ್ಕೆ ನಿಮ್ಮ ತಂತಿ, ಸ್ಪೀಕರ್, ಆಂಪ್ಲಿಫೈಯರ್ ಕಾರಣವಲ್ಲ, ತೊಂದರೆ ಟಿವಿ ಕಳಿಸುತ್ತಿರುವ ಸಿಗ್ನಲ್‌ನಲ್ಲಿದೆ ಎಂದು ತಿಳಿಯಬಹುದು. ಈ ಒಂದು ಪರೀಕ್ಷೆಯನ್ನು ಬಿಟ್ಟು ಕೇಬಲ್ ಬದಲಿಸುತ್ತ ಹೋದವರು ಸುಮ್ಮನೆ ಹಣ ಕಳೆದುಕೊಳ್ಳುವುದನ್ನು ನಾನು ನೋಡಿದ್ದೇನೆ.

ಹೊಸ ಟಿವಿಗಳಲ್ಲಿ ಡಿಜಿಟಲ್ ಆಡಿಯೊ ಔಟ್‌ಪುಟ್ ಹಲವೊಮ್ಮೆ ಪಿಸಿಎಂ (ಅಡಕಗೊಳಿಸದ ಡಿಜಿಟಲ್ ಸದ್ದು) ಎಂದಿರುತ್ತದೆ. ಆಪ್ಟಿಕಲ್ ಕೇಬಲ್ ಪಿಸಿಎಂ ರೂಪದಲ್ಲಿ ಎರಡು ಚಾನೆಲ್‌ಗಳನ್ನು ಮಾತ್ರ ಒಯ್ಯಬಲ್ಲದು, 5.1 ಬೇಕಾದರೆ ಅದು ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆಗಿ ಅಡಕಗೊಂಡು ಹೋಗಬೇಕು. ಒಟಿಟಿ ಆ್ಯಪ್‌ಗಳಿಂದ ಸಾಮಾನ್ಯವಾಗಿ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್. ಅದು ಎಚ್‌ಡಿಎಂಐನ ಎಆರ್‌ಸಿಯಲ್ಲಿ (ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ರಿಸೀವರ್‌ಗೆ ಮರಳಿ ಕಳಿಸುವ ದಾರಿ) ಹೋಗುತ್ತದೆ, ಆಪ್ಟಿಕಲ್‌ನಲ್ಲಿ ಹೋಗುವುದಿಲ್ಲ. ಹಾಗಾಗಿ ಟಿವಿಯ ಮೆನುವಿನಲ್ಲಿ 'ಪಾಸ್-ಥ್ರೂ' (ಬಂದ ಸಿಗ್ನಲ್ಲನ್ನು ಹಾಗೆಯೇ ದಾಟಿಸುವುದು) ಬಿಟ್ಟು 'ಡಾಲ್ಬಿ ಡಿಜಿಟಲ್' ಆಯ್ದುಕೊಳ್ಳಿರಿ. ಆಗ ಟಿವಿ ಅದನ್ನು ನಿಮ್ಮ ರಿಸೀವರ್‌ಗೆ ಅರ್ಥವಾಗುವ ರೂಪಕ್ಕೆ ಬದಲಿಸಿ ಕಳಿಸುತ್ತದೆ.

ಕಾರ್ಯಕ್ರಮವೇ ಸ್ಟೀರಿಯೊ ಆಗಿದ್ದರೆ ಹಿಂದಿನ ಸ್ಪೀಕರ್‌ಗೆ ಕಳಿಸಲು ಏನೂ ಇರುವುದಿಲ್ಲ. ಆಗ ರಿಮೋಟ್‌ನಲ್ಲಿ 'ಪ್ರೊ ಲಾಜಿಕ್ 2' ಒತ್ತಿರಿ. ಎಡ-ಬಲಗಳಲ್ಲಿ ಸಮಾನವಾಗಿರುವ ಅಂಶವನ್ನು, ಅಂದರೆ ಬಹುಪಾಲು ಮಾತನ್ನು, ಅದು ಗುರುತಿಸಿ ನಡುವಿನ ಸ್ಪೀಕರ್‌ಗೆ ಕೊಡುತ್ತದೆ. ನಿಮ್ಮ ತಂದೆಯವರಿಗೆ ಬೇಕಾದದ್ದು ಇದೇ.

ಉತ್ತರ 2 (ಚಿತ್ರದುರ್ಗ):

ಮೇಲಿನ ಉತ್ತರ ಸರಿಯಾಗಿದೆ, ಆದರೆ ಮಾತು ಟೊಳ್ಳಾಗುವುದಕ್ಕೆ ಅದು ಕಾರಣ ಹೇಳುವುದಿಲ್ಲ. ಒಂದೇ ಬಣ್ಣದ ತಂತಿ ಎಂದಿದ್ದೀರಿ. ನನಗೆ ಅನುಮಾನ ಅಲ್ಲೇ. ಮುಂದಿನ ಎರಡರಲ್ಲಿ ಒಂದಕ್ಕೆ ಕೆಂಪು-ಕಪ್ಪು (ಪ್ಲಸ್-ಮೈನಸ್) ತುದಿಗಳು ಅದಲುಬದಲಾಗಿದ್ದರೆ, ಒಂದರ ಕೋನ್ (ಕಂಪಿಸಿ ಸದ್ದು ಹೊರಡಿಸುವ ಪೊರೆ) ಮುಂದಕ್ಕೆ ಬರುವಾಗ ಇನ್ನೊಂದರದು ಹಿಂದಕ್ಕೆ ಸರಿಯುತ್ತದೆ. ಎರಡರಲ್ಲೂ ಸಮಾನವಾಗಿರುವ ಮಾತು ಮತ್ತು ತಗ್ಗಿನ ಸ್ವರಗಳು ಹಾಲಿನ ನಡುವೆ ಒಂದನ್ನೊಂದು ಅಳಿಸಿಹಾಕುತ್ತವೆ. ರಿಸೀವರ್ ಆರಿಸಿ, ತಂತಿಯನ್ನು ಅಲ್ಲಿಂದ ಬಿಚ್ಚಿ, 1.5 ವೋಲ್ಟ್‌ನ ಶೆಲ್ಲನ್ನು ತುದಿಗಳಿಗೆ ಒಂದು ಕ್ಷಣ ಮುಟ್ಟಿಸಿ ನೋಡಿರಿ. ಕೋನ್ ಹೊರಕ್ಕೆ ಜಿಗಿದರೆ ಶೆಲ್ಲಿನ ಪ್ಲಸ್ ಮುಟ್ಟಿದ ಎಳೆಯೇ ಕೆಂಪಿನದು. ಅದಕ್ಕೆ ಎರಡೂ ತುದಿಯಲ್ಲಿ ಟೇಪ್ ಸುತ್ತಿಬಿಡಿರಿ.

ತೆಳು ತಂತಿಯನ್ನು ಹಿಂದಿನ ಸ್ಪೀಕರ್‌ಗಳಿಗೆ ಇಟ್ಟುಕೊಳ್ಳಬೇಡಿರಿ. ಗೋಡೆಯ ಅಂಚಿನಲ್ಲಿ 15 ಮೀಟರ್ ಸುತ್ತಿ ಹೋದರೆ, ಹೋಗಿ ಬರುವ ದಾರಿ 30 ಮೀಟರ್. 0.5 ಚದರ ಮಿ.ಮೀ. ತಾಮ್ರದಲ್ಲಿ ಅದರ ರೋಧ ಸುಮಾರು 1 ಓಮ್ ಆಗುತ್ತದೆ, 1.5 ಚದರ ಮಿ.ಮೀ. ತಾಮ್ರದಲ್ಲಿ 0.35 ಓಮ್. 8 ಓಮ್ ಸ್ಪೀಕರ್‌ಗೆ ಎರಡನೆಯದು ಸಾಕು. ಸ್ಕರ್ಟಿಂಗ್ ಮೇಲೆ ಪಿವಿಸಿ ಪಟ್ಟಿ ಅಂಟಿಸಿ, ಬಾಗಿಲು ಅಡ್ಡ ಬಂದರೆ ಚೌಕಟ್ಟಿನ ಮೇಲಿಂದ ತನ್ನಿರಿ, ಟೈಲ್ಸ್ ಮುಟ್ಟಬೇಕಾಗಿಲ್ಲ. ಮನೆಯ ವಿದ್ಯುತ್ ತಂತಿಯ ಪೈಪಿನೊಳಗೆ ಮಾತ್ರ ಇದನ್ನು ಖಂಡಿತ ಸೇರಿಸಬೇಡಿರಿ. ತುದಿಯ ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್ ಆಗುತ್ತದೆ, ಆದ್ದರಿಂದ ಎಳೆಗಳನ್ನು ಬಿಗಿಯಾಗಿ ಹೊಸೆದು ಸಿಕ್ಕಿಸಿರಿ.

ಹಿಂದಿನ ಸ್ಪೀಕರ್‌ಗಳ ಜಾಗ ಕುರ್ಚಿಯ ಪಕ್ಕದಿಂದ ತುಸು ಹಿಂದೆ, ಕಿವಿಗಿಂತ ಅಡಿ ಎರಡಡಿ ಎತ್ತರದಲ್ಲಿರಲಿ. ಇನ್ನೊಂದು ಮಾತು: ಟೈಲ್ಸ್ ನೆಲ, ಬರಿಯ ಗೋಡೆ ಇರುವ ಹಾಲಿನಲ್ಲಿ ಪ್ರತಿಧ್ವನಿಯೇ ಮಾತನ್ನು ಕೆಡಿಸುತ್ತದೆ. ನಮ್ಮ ಮನೆಯಲ್ಲಿ ಟಿವಿಗೂ ಸೋಫಾಕ್ಕೂ ನಡುವೆ ಚಳ್ಳಕೆರೆಯ ದಪ್ಪ ಕಂಬಳಿಗಳನ್ನು ಹಾಸಿದ್ದೇವೆ. ಗುಡುಗಿನಂಥ ತಗ್ಗಿನ ಸದ್ದನ್ನು ಅದು ತಡೆಯದು, ಆದರೆ 'ಸ', 'ಶ', 'ಚ'ಗಳ ಸಿಳ್ಳು ಅಡಗಿ ಪದಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಟೆಸ್ಟ್ ಟೋನ್ ಐದರಲ್ಲೂ ಬಂತು. ಟಿವಿ ಪಿಸಿಎಂನಲ್ಲೇ ಇತ್ತು. ಶೆಲ್ ಮುಟ್ಟಿಸಿದಾಗ ಮುಂದಿನ ಎಡ ಸ್ಪೀಕರ್ ಉಲ್ಟಾ ಇರುವುದು ಗೊತ್ತಾಯಿತು. ಸರಿಪಡಿಸಿದ ಕೂಡಲೇ ಮಾತು ಪರದೆಯ ನಡುವೆ ಬಂದು ನಿಂತಿತು. ಈಗ ಡಿಟಿಎಚ್‌ಗೆ ಪ್ರೊ ಲಾಜಿಕ್, ಒಟಿಟಿ ಚಿತ್ರಗಳಿಗೆ ಡಾಲ್ಬಿ ಡಿಜಿಟಲ್ ಬಳಸುತ್ತಿದ್ದೇನೆ. ಆದರೆ ನಮ್ಮ ಊರಿನ ಸೆಕೆಗೆ ಫ್ಯಾನ್ ಜೋರಾಗಿ ತಿರುಗಲೇಬೇಕು, ಅದರ ಸದ್ದಿನಲ್ಲಿ ಮೆಲುಮಾತು ಮುಳುಗುತ್ತದೆ.

ಉತ್ತರ 1ನ್ನು ಬರೆದವರಿಂದ:

ಇಡೀ ವಾಲ್ಯೂಮ್ ಏರಿಸಬೇಡಿರಿ. ಸ್ಪೀಕರ್ ಲೆವೆಲ್‌ನಲ್ಲಿ ನಡುವಿನದನ್ನು ಮಾತ್ರ 3 ಡೆಸಿಬೆಲ್ ಏರಿಸಿರಿ. 'ನೈಟ್ ಮೋಡ್' ಇದ್ದರೆ ಹಾಕಿರಿ, ಅದು ಡಾಲ್ಬಿ ಡಿಜಿಟಲ್ ಚಿತ್ರಗಳಲ್ಲಿ ಜೋರು ಸದ್ದಿಗೂ ಮೆಲು ಸದ್ದಿಗೂ ಇರುವ ಅಂತರವನ್ನು ಕಿರಿದಾಗಿಸುತ್ತದೆ. ನಡುವಿನ ಸ್ಪೀಕರ್ ಟಿವಿ ಸ್ಟ್ಯಾಂಡಿನ ಕೆಳಖಾನೆಯಲ್ಲಿದ್ದರೆ ಅದನ್ನು ಅಂಚಿಗೆ ಎಳೆದು, ಮುಂಭಾಗದಡಿ ಸಣ್ಣ ಮರದ ತುಂಡು ಕೊಟ್ಟು, ತಂದೆಯವರ ಮುಖದತ್ತ ವಾಲಿಸಿರಿ.

ಪ್ರಶ್ನೆ ಕೇಳಿದವರಿಂದ:

ಸ್ಪೀಕರ್ ಕೆಳಖಾನೆಯಲ್ಲೇ ಇತ್ತು. ಹೇಳಿದಂತೆ ವಾಲಿಸಿ, 3 ಡೆಸಿಬೆಲ್ ಏರಿಸಿದೆ. ರಾತ್ರಿ ವಾರ್ತೆಯನ್ನು ತಂದೆಯವರು ಫ್ಯಾನ್ ಆರಿಸದೆಯೇ ಕೊನೆಯವರೆಗೆ ಕೇಳಿದರು, ಮಧ್ಯೆ ಒಮ್ಮೆಯೂ 'ಏನಂದ?' ಎಂದು ನನ್ನನ್ನು ಕೇಳಲಿಲ್ಲ.