ಕಾದ ಅಲ್ಯೂಮಿನಿಯಂ ಹಾಳೆಗೆ ಯಾವ ಮಾದರಿ? ಅನುಭವಸ್ಥರು ತಿಳಿಸಿ

ಪ್ರಶ್ನೆ: ಎಕ್ಸ್-ಕಿರಣ ಲೇಸರಿನಿಂದ ಅಲ್ಯೂಮಿನಿಯಂ ಹಾಳೆಯನ್ನು ಕಾಯಿಸುವ ಪ್ರಯೋಗಕ್ಕೆ ಅರ್ಜಿ ಬರೆಯುತ್ತಿದ್ದೇನೆ. ಸಾಂದ್ರ ಪ್ಲಾಸ್ಮಾದಲ್ಲಿ (ಎಲೆಕ್ಟ್ರಾನು, ಅಯಾನುಗಳು ಬಿಡಿಬಿಡಿಯಾದ ದಟ್ಟ ಕಾದ ವಸ್ತುವಿನಲ್ಲಿ) ಅಯಾನೀಕರಣ ಶಕ್ತಿ, ಅಂದರೆ ಎಲೆಕ್ಟ್ರಾನನ್ನು ಕಿತ್ತು ಬಿಡಿಸಲು ಬೇಕಾದ ಶಕ್ತಿ, ಎಷ್ಟು ತಗ್ಗುತ್ತದೆಂದು ಲೆಕ್ಕಹಾಕಲು ಸ್ಟುವರ್ಟ್-ಪ್ಯಾಟ್ ಮಾದರಿ ಒಳ್ಳೆಯದೇ, ಎಕರ್-ಕ್ರೋಲ್ ಮಾದರಿಯೇ? 1 ಮೈಕ್ರಾನ್ ದಪ್ಪ ಸರಿಯೇ?

ಹಳೆಯ ಪ್ರಯೋಗಿ: ಮಾದರಿಯ ಮಾತು ಆಮೇಲಿರಲಿ. ಲೇಸರ್ ಬಳಸಲು ನಮಗೆ ದೊರೆತದ್ದು 12 ಗಂಟೆಗಳ ಐದು ಪಾಳಿ. ಮೊದಲ ಪಾಳಿಯಲ್ಲಿ ಒಂಬತ್ತು ಗಂಟೆ ರೋಹಿತಮಾಪಕದ (ಕಿರಣವನ್ನು ಅಲೆಯುದ್ದಗಳಾಗಿ ಬಿಡಿಸುವ ಉಪಕರಣದ) ಸ್ಫಟಿಕವನ್ನು ಕೋನಕ್ಕೆ ಕೂರಿಸುವುದರಲ್ಲಿ, ಎರಡನೆಯದರಲ್ಲಿ ನಾಲ್ಕು ಗಂಟೆ ನಿರ್ವಾತದ ಸೋರಿಕೆ ಹುಡುಕುವುದರಲ್ಲಿ ಕಳೆದವು. ಲೇಸರಿನ ಪಲ್ಸ್ (ಕ್ಷಣಮಾತ್ರದ ಕಿರಣ) ಬಿದ್ದ ಜಾಗ ಮತ್ತೆ ಉಪಯೋಗಕ್ಕೆ ಬಾರದು, ಆದ್ದರಿಂದ ಪ್ರತಿ ಸಲವೂ ಹಾಳೆಯನ್ನು ಸರಿಸಬೇಕು. ನಮ್ಮ 38 ಹಾಳೆಗಳಲ್ಲಿ 11 ಸುಕ್ಕುಗಟ್ಟಿದ್ದವು. ಕಿರಣಬಿಂದುವಿನ ಮಂದ ಅಂಚಿನ ಹೊಳಪು ರೋಹಿತದಲ್ಲಿ ಬೆರೆತದ್ದನ್ನು ಬಿಡಿಸಲು ಹದಿನಾಲ್ಕು ತಿಂಗಳು ಹಿಡಿಯಿತು.

ಎಕರ್ ಪಕ್ಷದವನು: 2012ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಎಕ್ಸ್-ಕಿರಣ ಲೇಸರ್ ಕೇಂದ್ರವಾದ ಎಲ್‌ಸಿಎಲ್‌ಎಸ್ ಪ್ರಯೋಗವನ್ನು ನೋಡಿಯೇ ನಾನು ನನ್ನ ಗಣನೆಯ ಕೋಡನ್ನು ಎಕರ್-ಕ್ರೋಲ್‌ಗೆ ಬದಲಿಸಿದೆ. ಅಲ್ಲಿ ಪಲ್ಸ್ 80 ಫೆಮ್ಟೊಸೆಕೆಂಡಿಗಿಂತ ಚಿಕ್ಕದು (ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲೊಂದು ಪಾಲು). ಪರಮಾಣುವಿನ ಒಳಕವಚದಿಂದ ಎಲೆಕ್ಟ್ರಾನ್ ಕಿತ್ತುಹೋಗಿ ಉಂಟಾದ ತೆರವು ಕೆಲವೇ ಫೆಮ್ಟೊಸೆಕೆಂಡಿನಲ್ಲಿ ತುಂಬಿಹೋಗುವುದರಿಂದ ಹೊಳಪು ಪಲ್ಸ್ ಇರುವಷ್ಟೇ ಹೊತ್ತು ಹೊಮ್ಮುತ್ತದೆ, ಹಾಳೆಗೆ ಹಿಗ್ಗಲು ಸಮಯವೇ ಸಿಗದು, ಸಾಂದ್ರತೆ ಘನವಸ್ತುವಿನದೇ ಆಗಿರುತ್ತದೆ. ಅಯಾನೀಕರಣ ಶಕ್ತಿ ತಗ್ಗಿದ್ದು ಸ್ಟುವರ್ಟ್-ಪ್ಯಾಟ್ ಹೇಳಿದ್ದಕ್ಕಿಂತ ಹೆಚ್ಚು, ಎಕರ್-ಕ್ರೋಲ್ ಹೇಳಿದ್ದಕ್ಕೆ ಹತ್ತಿರ. ನನ್ನ ಲೇಖನವನ್ನು ವಿಮರ್ಶಕರು ಎರಡು ಸಲ ಹಿಂದಿರುಗಿಸಿದರು, ನಾನು ಬಗ್ಗಲಿಲ್ಲ.

ಕೋಡ್ ಬರೆಯುವವನು: ಬಗ್ಗಬೇಕಿತ್ತು ಸ್ವಾಮಿ. ಮರುವರ್ಷವೇ ಬ್ರಿಟನ್ನಿನ ಓರಿಯನ್ ಲೇಸರಿನಲ್ಲಿ ಒತ್ತಿ ಕಾಯಿಸಿದ ಅಲ್ಯೂಮಿನಿಯಂ ಸ್ಟುವರ್ಟ್-ಪ್ಯಾಟ್ ಕಡೆಗೇ ವಾಲಿತು. ನಿಮ್ಮಂಥವರ ಮಾತು ನಂಬಿ ಕೋಡ್ ತಿದ್ದಿದ ನನಗೆ ಮೂರು ತಿಂಗಳ ಗಣನೆ ವ್ಯರ್ಥವಾಯಿತು. ಮೇಘನಾದ ಸಹಾ 1920ರಲ್ಲಿ ಕೊಟ್ಟ, ಬಿಸಿಗೆ ಎಷ್ಟು ಪರಮಾಣುಗಳು ಅಯಾನಾಗುತ್ತವೆಂದು ಹೇಳುವ ಸಮೀಕರಣದಿಂದಲಾದರೂ ನೀವು ಆರಂಭಿಸಬಹುದಿತ್ತು.

ಎಕರ್ ಪಕ್ಷದವನು: ಸಹಾ ಸಮೀಕರಣಕ್ಕೆ ಉಷ್ಣ ಸಮತೋಲ ಬೇಕೆಂಬುದನ್ನು ತಾವು ಮರೆತಂತಿದೆ. ಇಲ್ಲಿ ಎಲೆಕ್ಟ್ರಾನುಗಳು 100 ಎಲೆಕ್ಟ್ರಾನ್‌ವೋಲ್ಟಿಗೆ, ಅಂದರೆ ಹನ್ನೊಂದು ಲಕ್ಷ ಕೆಲ್ವಿನ್ನಿಗೂ ಮೇಲೆ ಏರಿದಾಗ, ಅಯಾನುಗಳು ಇನ್ನೂ ಹರಳಿನ ಜಾಲದಲ್ಲಿ ತಮ್ಮ ಜಾಗದಲ್ಲೇ ಇರುತ್ತವೆ. ಓರಿಯನ್ನಿನ ಬಿಸಿ ಬೇರೆ, ಇದು ಬೇರೆ.

ಕೋಡ್ ಬರೆಯುವವನು: ಬೇರೆ ಎಂದು ಈಗ ಒಪ್ಪಿದಿರಲ್ಲ! ಹಾಗಾದರೆ ಎಲ್ಲಾ ಕಡೆಗೂ ಎಕರ್ ಎಂದು ಹಟ ಹಿಡಿದದ್ದೇಕೆ?

ಹಳೆಯ ಪ್ರಯೋಗಿ: ಇಬ್ಬರೂ ಹಾಳೆಯ ಹಿಂಬದಿಯನ್ನು ಮರೆತಿದ್ದೀರಿ. ಕಿರಣದ ಫೋಟಾನ್ ಶಕ್ತಿ 1560 ಎಲೆಕ್ಟ್ರಾನ್‌ವೋಲ್ಟ್ ದಾಟಿದೊಡನೆ ತಣ್ಣನೆಯ ಅಲ್ಯೂಮಿನಿಯಂ 1 ಮೈಕ್ರಾನಿನಲ್ಲೇ ಕಿರಣದ ಹೆಚ್ಚುಕಡಿಮೆ ಮೂರನೇ ಎರಡು ಪಾಲನ್ನು ನುಂಗುವುದರಿಂದ ಮುಂದಿನ ಮೈಯಷ್ಟು ಹಿಂದಿನದು ಕಾಯುವುದಿಲ್ಲ. ಅದಕ್ಕೆಂದೇ ನಾವು ಅರ್ಧ ಮೈಕ್ರಾನಿನ ಹಾಳೆ ತರಿಸಿದ್ದು, ಸುಕ್ಕುಗಟ್ಟಿದ್ದೂ ಅವೇ.