ಜರ್ಮನಿಯಲ್ಲಿ ಔಸ್‌ಬಿಲ್ಡುಂಗ್ (ಕಂಪನಿಯಲ್ಲಿ ಕೆಲಸ ಮಾಡುತ್ತಾ ತಾಂತ್ರಿಕ ಶಾಲೆಯಲ್ಲೂ ಕಲಿಯುವ ವೃತ್ತಿ ತರಬೇತಿ): ವಲಸಿಗ ಕುಟುಂಬದ ಹುಡುಗನಿಗೆ ದಾರಿ ಯಾವುದು?

ಪ್ರಶ್ನೆ: ಪಕ್ಕದ ಮನೆಯ ಟರ್ಕಿ ಮೂಲದ ಹುಡುಗ ಹತ್ತನೇ ತರಗತಿಯಲ್ಲಿದ್ದಾನೆ. ಕಾರ್ ಮೆಕಾಟ್ರಾನಿಕ್ಸ್ (ಕಾರಿನ ಯಂತ್ರ, ಎಲೆಕ್ಟ್ರಾನಿಕ್ಸ್ ರಿಪೇರಿ) ತರಬೇತಿಗೆ ಅರ್ಜಿ ಕಳಿಸಿದರೂ ಯಾರೂ ಕರೆಯುತ್ತಿಲ್ಲ. ಅಪ್ಪ ಅಮ್ಮನಿಗೆ ಇದರ ರೀತಿನೀತಿ ಗೊತ್ತಿಲ್ಲ. ಏನು ಹೇಳಲಿ?

ಉತ್ತರ 1: ಮೇಡಂ, ಅದು ಮೂರೂವರೆ ವರ್ಷದ ತರಬೇತಿ, ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಶುರು. ದೊಡ್ಡ ಕಂಪನಿಗಳಿಗೆ ಒಂದು ವರ್ಷ ಮೊದಲೇ ಅರ್ಜಿ ಹೋಗಬೇಕು. ಸಣ್ಣ ಗ್ಯಾರೇಜುಗಳು ಕೊನೆ ಗಳಿಗೆಯಲ್ಲೂ ತಗೋತವೆ. ಬರೀ ಇಮೇಲ್ ನಂಬಬೇಡಿ. ಎರಡು ವಾರದ ಪ್ರಾಕ್ಟಿಕುಮ್ (ಕೆಲಸ ಮಾಡಿ ನೋಡುವ ಅವಕಾಶ) ಕೇಳಿಕೊಂಡು ನೇರವಾಗಿ ಗ್ಯಾರೇಜಿಗೆ ಹೋಗಲಿ. ಹೇಳದೆಯೇ ಪಾನಾ ಒರೆಸಿ ಅದರ ಜಾಗಕ್ಕೆ ಇಡುವ ಹುಡುಗನನ್ನು ಮಾಲೀಕ ಮರೆಯುವುದಿಲ್ಲ. ಅರ್ಜಿ ಪತ್ರ ಒಂದೇ ಪುಟ ಇರಲಿ, ಅದರಲ್ಲಿ ಆ ಗ್ಯಾರೇಜಿನ ಹೆಸರು ತಪ್ಪಿಲ್ಲದೆ ಇರಲಿ. ಹಳೇ ಅರ್ಜಿಯನ್ನೇ ನಕಲು ಮಾಡಿ ಬೇರೆ ಕಂಪನಿಯ ಹೆಸರು ಉಳಿಸಿಬಿಡುವ ತಪ್ಪೇ ಹೆಚ್ಚು.

ಉತ್ತರ 2: ಹುಡುಗನ ಟರ್ಕಿ ಹೆಸರೂ ತೊಡಕಾಗಿರಬಹುದು. 2014ರ ಜರ್ಮನ್ ಅಧ್ಯಯನವೊಂದರಲ್ಲಿ, ಅಂಕ ಸಮವಿದ್ದರೂ, ಒಂದು ಸಂದರ್ಶನದ ಕರೆಗೆ ಜರ್ಮನ್ ಹೆಸರಿನವರಿಗೆ ಸರಾಸರಿ 5 ಅರ್ಜಿ ಸಾಕಾದರೆ ಟರ್ಕಿ ಹೆಸರಿನವರಿಗೆ 7 ಬೇಕಾಯಿತು. ಇದು ಅನ್ಯಾಯ, ಹುಡುಗನ ತಪ್ಪಲ್ಲ ಅಂತ ಅವನಿಗೆ ಬಿಡಿಸಿ ಹೇಳಿ. ಫೋಟೋ ಕಡ್ಡಾಯವಲ್ಲ. ಟರ್ಕಿಶ್ ಭಾಷೆ ಬರುತ್ತದೆ ಅಂತ ಬರೆಯಲಿ, ಗಿರಾಕಿಗಳ ಜೊತೆ ಮಾತಾಡಲು ಅದೂ ಬಂಡವಾಳವೇ.

ಉತ್ತರ 3: ಸೀಟು ಸಿಗದಿದ್ದರೆ ಉದ್ಯೋಗ ಕಚೇರಿಯಲ್ಲಿ ಐನ್‌ಸ್ಟೀಗ್ಸ್ ಕ್ವಾಲಿಫಿಟ್ಸೀರುಂಗ್ ಕೇಳಿ. ಅಂದರೆ ಕಂಪನಿಯೊಳಗೇ ಭತ್ಯೆ ಸಹಿತ ತಿಂಗಳುಗಟ್ಟಲೆ ಕಲಿಕೆ, ಚೆನ್ನಾಗಿ ಮಾಡಿದವರನ್ನು ಅಲ್ಲೇ ಉಳಿಸಿಕೊಳ್ಳುವುದುಂಟು. ಸೇರಿದ ಮೇಲೆ ಹಲವು ಹುಡುಗರು ಎಡವುವುದು ಕೈಕೆಲಸದಲ್ಲಲ್ಲ, ತಾಂತ್ರಿಕ ಶಾಲೆಯ ಲಿಖಿತ ಪರೀಕ್ಷೆಯ ಜರ್ಮನ್‌ನಲ್ಲಿ. ಅದಕ್ಕೆ ಅದೇ ಕಚೇರಿ ಉಚಿತ ಪಾಠ ಕೊಡಿಸುತ್ತದೆ. ಫೇಲಾಗುವ ತನಕ ಕಾಯದೆ ಮೊದಲ ತಿಂಗಳಲ್ಲೇ ಕೇಳಿ.